ಸೇಡಿನ ಸಿನಿಮಾದಲ್ಲಿ ಗಾಯದ ಜಾಗ

ಸೇಡಿನ ಸಿನಿಮಾಕ್ಕೆ ಹೋಗುವವರಿಗೆ ಟಿಕೆಟ್ ಕೊಳ್ಳುವಾಗಲೇ ಕಥೆ ಗೊತ್ತಿರುತ್ತದೆ. ಒಬ್ಬನಿಗೆ ಅನ್ಯಾಯವಾಗುತ್ತದೆ, ಮಾಡಿದವನು ಕೊನೆಗೆ ಅನುಭವಿಸುತ್ತಾನೆ, ನಡುವೆ ಹೊಡೆದಾಟ. ಇಷ್ಟು ತಿಳಿದೂ ಎರಡೂವರೆ ಮೂರು ಗಂಟೆ ಅಲುಗಾಡದೆ ಕೂತಿರುತ್ತೇವೆ. ಪತ್ತೇದಾರಿ ಕಥೆಯಾದರೆ ಕೊಲೆಗಾರ ಯಾರೆಂಬ ಕುತೂಹಲ ನಮ್ಮನ್ನು ಹಿಡಿದು ಕೂರಿಸುತ್ತದೆ ಎನ್ನಬಹುದು. ಪ್ರೇಮಕಥೆಯಲ್ಲಿ ಇಬ್ಬರೂ ಒಂದಾಗುತ್ತಾರೋ ಇಲ್ಲವೋ ಎಂಬ ಆತಂಕವಾದರೂ ಇರುತ್ತದೆ. ಸೇಡಿನ ಕಥೆಗೆ ಈ ಅನುಕೂಲ ಯಾವುದೂ ಇಲ್ಲ. ಏನಾಗುತ್ತದೆ ಎಂಬುದನ್ನು ಮೊದಲೇ ಬಿಟ್ಟುಕೊಟ್ಟು ಅದು ಶುರುವಾಗುತ್ತದೆ. ಅದರ ಕೈಯಲ್ಲಿ ಉಳಿಯುವುದು ಜೋಡಣೆಯೊಂದೇ. ಯಾವ ದೃಶ್ಯದ ಹಿಂದೆ ಯಾವುದು ಬರಬೇಕು, ಯಾವ ಮಾತನ್ನು ಯಾವಾಗ ಆಡಬೇಕು, ಯಾವುದನ್ನು ಎಷ್ಟು ಹೊತ್ತು ಬಚ್ಚಿಡಬೇಕು. ಕಥೆ ಕಟ್ಟುವ ಕಸುಬು ಇಷ್ಟು ಬೆತ್ತಲಾಗಿ ಕಾಣುವ ಇನ್ನೊಂದು ಬಗೆಯ ಸಿನಿಮಾ ನನಗೆ ಗೊತ್ತಿಲ್ಲ. ನನ್ನ ರಜೆಯ ದಿನಗಳಲ್ಲಿ ಬಹುಪಾಲು ಕಳೆಯುವುದು ಇಂಥ ಸಿನಿಮಾಗಳ ಕೀಲು ಬಿಚ್ಚುವುದರಲ್ಲಿಯೇ.

ಮೊದಲ ಸಲ ನೋಡುವಾಗ ಪೆನ್ನು ಮುಟ್ಟುವುದಿಲ್ಲ. ಆಗ ಎಲ್ಲರಂತೆ ನಾನೂ ಬೆಚ್ಚಬೇಕು, ಹಲ್ಲು ಕಚ್ಚಬೇಕು, ಖಳನಾಯಕನ ಮೇಲೆ ರೇಗಬೇಕು. ಹಾಗೆ ಮನಸ್ಸು ಕೊಟ್ಟು ನೋಡದವರಿಗೆ ಆಮೇಲೆ ಬಿಚ್ಚಲು ಏನೂ ಸಿಗುವುದಿಲ್ಲ. ಎರಡನೆಯ ಸಲ ನೋಟ್‌ಬುಕ್ ಹೊರಬರುತ್ತದೆ. ದೃಶ್ಯಕ್ಕೆ ಒಂದು ಸಾಲು. ಆ ಸಾಲುಗಳ ಪಕ್ಕದಲ್ಲಿ ಮೂರು ಕಾಲಂ ಗೀಚುತ್ತೇನೆ: ಇಷ್ಟು ಹೊತ್ತಿಗೆ ನಾಯಕನಿಗೆ ಏನು ಗೊತ್ತು, ಎದುರಾಳಿಗೆ ಏನು ಗೊತ್ತು, ನೋಡುತ್ತಿರುವ ನಮಗೆ ಏನು ಗೊತ್ತು. ಮೂವರಿಗೂ ಒಂದೇ ಸಮ ಗೊತ್ತಿರುವ ದೃಶ್ಯಗಳು ಸಾಮಾನ್ಯವಾಗಿ ಸಪ್ಪೆ. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿಯದಿದ್ದಾಗ ದೃಶ್ಯಕ್ಕೆ ಬಿಗಿ ಬರುತ್ತದೆ. 2014ರ ‘ಜಾನ್ ವಿಕ್’ ಇದಕ್ಕೆ ಸುಲಭದ ಉದಾಹರಣೆ. ಹೆಂಡತಿ ಸಾಯುವ ಮೊದಲು ಕಳಿಸಿಕೊಟ್ಟ ನಾಯಿಮರಿಯನ್ನು ಕೊಂದು, ಕಾರು ಕದ್ದೊಯ್ದ ಹುಡುಗನಿಗೆ ತಾನು ಯಾರ ಮನೆಗೆ ನುಗ್ಗಿದೆ ಎಂಬ ಅರಿವಿಲ್ಲ. ಅವನಪ್ಪನಿಗೆ ಗೊತ್ತು. ಆ ಅಪ್ಪ ಊರನ್ನೇ ನಡುಗಿಸುವ ಪಾತಕಿ. ಮಗ ಯಾರ ತಂಟೆಗೆ ಹೋಗಿದ್ದಾನೆ ಎಂಬುದನ್ನು ಫೋನಿನಲ್ಲಿ ಕೇಳಿದ ಕೂಡಲೇ ಅವನ ಬಾಯಿಂದ ಬರುವುದು ಒಂದು ಉದ್ಗಾರ ಮಾತ್ರ. ನಾಯಕ ಇನ್ನೂ ಒಂದು ಗುಂಡು ಹಾರಿಸಿಲ್ಲ; ಅವನೆಂಥವನು ಎಂಬುದು ಶತ್ರುವಿನ ಭಯದಿಂದಲೇ ನಮಗೆ ತಿಳಿದುಹೋಯಿತು.

ಹೀಗೆ ಬರೆದಿಡುತ್ತಾ ಹೋದಂತೆ ನನಗೆ ಒಂದು ಪ್ರಶ್ನೆ ಉಳಿದೆಲ್ಲವನ್ನೂ ಹಿಂದಕ್ಕೆ ಸರಿಸಿತು. ಸೇಡಿಗೆ ಕಾರಣವಾದ ಆ ಮೂಲ ಗಾಯವನ್ನು ಸಿನಿಮಾ ಎಲ್ಲಿ ಇಟ್ಟಿದೆ? ಮೊದಲಲ್ಲೋ, ನಡುವೆಯೋ, ಕೊನೆಯಲ್ಲೋ? ಹೊಡೆದಾಟ, ಬೆನ್ನಟ್ಟುವಿಕೆ, ಹಾಡು ಎಲ್ಲವನ್ನೂ ತೆಗೆದಿಟ್ಟು ಇದೊಂದನ್ನು ಕೇಳಿಕೊಂಡರೆ ಸಿನಿಮಾದ ಸ್ವಭಾವ ಗೊತ್ತಾಗುತ್ತದೆ ಎಂಬುದು ನನ್ನ ನಂಬಿಕೆ. ‘ಜಾನ್ ವಿಕ್’ ಗಾಯವನ್ನು ಆರಂಭದಲ್ಲೇ ತೋರಿಸುತ್ತದೆ, ಆದ್ದರಿಂದ ಆಮೇಲಿನದ್ದೆಲ್ಲ ನೇರ ಓಟ. ನಾವು ನಾಯಕನ ಜೊತೆಗೇ ಓಡುತ್ತೇವೆ, ಅವನ ಸಿಟ್ಟು ನಮ್ಮ ಸಿಟ್ಟೇ ಆಗುತ್ತದೆ, ಅವನನ್ನು ಪ್ರಶ್ನಿಸುವ ಗೋಜಿಗೆ ಹೋಗುವುದಿಲ್ಲ.

ಕೊನೆಯಲ್ಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸೆರ್ಜಿಯೊ ಲಿಯೋನೆ 1968ರಲ್ಲಿ ಮಾಡಿದ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ನೋಡಬೇಕು. ಮೌತ್ ಆರ್ಗನ್ ನುಡಿಸುವ ಒಬ್ಬ ಅನಾಮಿಕ, ಫ್ರಾಂಕ್ ಎಂಬ ಕ್ರೂರಿಯ ಬೆನ್ನು ಬಿದ್ದಿದ್ದಾನೆ. ಏಕೆಂದು ನಮಗೆ ಗೊತ್ತಿಲ್ಲ. ಸೋಜಿಗವೆಂದರೆ ಫ್ರಾಂಕ್‌ಗೂ ಗೊತ್ತಿಲ್ಲ. ಆಗಾಗ ಒಂದು ನೆನಪು ಮಿಂಚಿ ಮಾಯವಾಗುತ್ತದೆ. ಮಂಜುಮಂಜಾದ ಆಕೃತಿಯೊಂದು ದೂರದಿಂದ ನಡೆದು ಬರುತ್ತಿದೆ, ಪ್ರತಿ ಸಲವೂ ತುಸು ಹತ್ತಿರ, ತುಸು ಸ್ಪಷ್ಟ. ಕೊನೆಯ ದ್ವಂದ್ವದಲ್ಲಿ ಇಬ್ಬರೂ ಎದುರುಬದುರು ನಿಂತಾಗಲಷ್ಟೇ ಆ ಆಕೃತಿ ಫ್ರಾಂಕ್ ಎಂದು ಕಾಣುತ್ತದೆ. ಕೊರಳಿಗೆ ಹಗ್ಗ ಬಿಗಿಸಿಕೊಂಡ ಅಣ್ಣನನ್ನು ಹೆಗಲ ಮೇಲೆ ಹೊತ್ತು ನಿಂತ ಹುಡುಗ, ಅವನ ಬಾಯಿಗೆ ಮೌತ್ ಆರ್ಗನ್ ತುರುಕುವ ಫ್ರಾಂಕ್. ಹುಡುಗನ ಕಾಲು ಸೋತರೆ ಅಣ್ಣ ಸತ್ತ. ಇಡೀ ಚಿತ್ರದಲ್ಲಿ ನಾವು ಕೇಳುತ್ತ ಬಂದ ಆ ಎಳೆದೆಳೆದ ಸ್ವರ ಏನೆಂದು ಆಗ ಅರ್ಥವಾಗುತ್ತದೆ. ಇಲ್ಲಿ ನಾಯಕನಿಗೆ ಗುಂಡು ಹಾರಿಸಿದರೆ ಸಾಲದು, ಸಾಯುವವನಿಗೆ ಏಕೆ ಸಾಯುತ್ತಿದ್ದೇನೆಂಬುದು ನೆನಪಾಗಬೇಕು. ಗಾಯ ಕೊನೆಯಲ್ಲಿದ್ದಾಗ ಸೇಡು ಎಂಬುದು ನೆನಪಿಸುವ ಕೆಲಸವಾಗುತ್ತದೆ. 2003ರ ಕೊರಿಯನ್ ಚಿತ್ರ ‘ಓಲ್ಡ್‌ಬಾಯ್’ ಇದನ್ನೇ ತಿರುಚಿ, ಸೇಡಿಗೆ ಹೊರಟವನೇ ಇನ್ನೊಬ್ಬನ ಸೇಡಿನ ಬಲಿ ಎಂದು ತೋರಿಸಿತು. ಅದನ್ನು ನೋಡದವರಿಗೆ ಇದಕ್ಕಿಂತ ಹೆಚ್ಚು ಹೇಳುವುದು ತಪ್ಪು.

ಆದರೆ ಗಾಯವನ್ನು ನಟ್ಟನಡುವೆ ಇಟ್ಟು ಗೆಲ್ಲುವುದು ಎಲ್ಲಕ್ಕಿಂತ ಕಷ್ಟ, ಮತ್ತು ಅದನ್ನು ‘ಶೋಲೆ’ಯಷ್ಟು ಚೆನ್ನಾಗಿ ಮಾಡಿದ ಚಿತ್ರವನ್ನು ನಾನು ನೋಡಿಲ್ಲ. 1975ರ ಆಗಸ್ಟ್ 15ರಂದು ತೆರೆಕಂಡ ಈ ಚಿತ್ರದ ಬಗ್ಗೆ ಮಾತಾಡುವವರೆಲ್ಲ ಗಬ್ಬರ್‌ನ ಮಾತು, ಜೈ–ವೀರೂ ಗೆಳೆತನ, ಬಸಂತಿಯ ಟಾಂಗಾ ಎನ್ನುತ್ತಾರೆ. ಅವೆಲ್ಲವೂ ಸರಿ. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಅತಿ ಹೆಚ್ಚು ಪುಟ ತಿಂದಿರುವುದು ಠಾಕೂರ್‌ನ ಶಾಲು.

ಚಿತ್ರಕಥೆ ಬರೆದ ಸಲೀಂ–ಜಾವೇದ್ ಈ ಶಾಲನ್ನು ಹೇಗೆ ನೇಯ್ದರು ನೋಡಿ. ಚಿತ್ರದ ಆರಂಭದಲ್ಲಿ ಜೈಲರ್ ಒಬ್ಬರು ಠಾಕೂರ್‌ನ ಊರಾದ ರಾಮಗಢಕ್ಕೆ ಬರುತ್ತಾರೆ. ಜೈ ಮತ್ತು ವೀರೂ ಎಂಬ ಇಬ್ಬರು ಕಳ್ಳರನ್ನು ಹುಡುಕಿಕೊಡಿ ಎಂದು ಠಾಕೂರ್ ಕೇಳುತ್ತಾನೆ. ಕಳ್ಳರೇ ಏಕೆ ಎಂದರೆ, ತಾನು ಪೊಲೀಸ್ ಅಧಿಕಾರಿಯಾಗಿದ್ದಾಗ ಅವರಿಬ್ಬರನ್ನೂ ರೈಲಿನಲ್ಲಿ ಕರೆದೊಯ್ಯುತ್ತಿದ್ದ ದಿನದ ಕಥೆ ಹೇಳುತ್ತಾನೆ. ರೈಲಿನ ಮೇಲೆ ಡಕಾಯಿತರ ದಾಳಿ, ಬೇಡಿ ಬಿಚ್ಚಿಸಿಕೊಂಡ ಕಳ್ಳರಿಬ್ಬರ ಜೊತೆ ಠಾಕೂರ್‌ನೂ ಕಾದಾಡುತ್ತಾನೆ. ಮೊದಲ ಸಲ ನೋಡುವಾಗ ಇದು ಭರ್ಜರಿ ಸಾಹಸದೃಶ್ಯ, ಅಷ್ಟೇ. ಬಿಚ್ಚಿ ನೋಡಿದಾಗ ಗೊತ್ತಾಗುವುದು, ಆ ದೃಶ್ಯ ಇರುವುದೇ ಠಾಕೂರ್‌ನ ತೋಳುಗಳನ್ನು ನಮಗೆ ತೋರಿಸಲು. ಎಷ್ಟು ಬಲವಾದ ತೋಳು ಎಂದು ಕಣ್ಣಾರೆ ನೋಡಿದ ಮೇಲೆ ಆ ತೋಳಿನ ಬಗ್ಗೆ ನಮಗೆ ಅನುಮಾನ ಬರಲು ಕಾರಣವೇ ಇಲ್ಲ. ಇತ್ತ ಇಂದಿನ ಠಾಕೂರ್ ಸದಾ ಶಾಲು ಹೊದ್ದಿರುತ್ತಾನೆ. ರಾಮಲಾಲ್ ಎಂಬ ಸೇವಕ ಸದಾ ಅವನ ಪಕ್ಕದಲ್ಲಿರುತ್ತಾನೆ. ಜಮೀನ್ದಾರರ ಗತ್ತು ಇರಬೇಕು ಎಂದುಕೊಂಡು ನಾವು ಸುಮ್ಮನಾಗುತ್ತೇವೆ. ಮರೆಮಾಚಬೇಕಾದದ್ದನ್ನು ಕಣ್ಣೆದುರೇ ಇಟ್ಟು ಮರೆಮಾಚುವುದು ಎಂದರೆ ಇದು.

ಆಮೇಲೆ ಹೋಳಿಯ ದಿನ ಡಕಾಯಿತ ಗಬ್ಬರ್ ಊರಿನ ಮೇಲೆ ಬೀಳುತ್ತಾನೆ. ಅವನನ್ನು ಹಿಡಿಯಲು ಠಾಕೂರ್ ಕರೆಸಿಕೊಂಡ ಜೈ ಮತ್ತು ವೀರೂ ಸಿಕ್ಕಿಹಾಕಿಕೊಂಡಿದ್ದಾರೆ. ಬಂದೂಕು ಬಿದ್ದಿರುವುದು ಠಾಕೂರ್‌ನ ಕಾಲ ಬಳಿ. ಎತ್ತಿ ಎಸೆದರೆ ಸಾಕು. ಅವನು ನೋಡುತ್ತಾ ನಿಂತೇ ಇರುತ್ತಾನೆ. ಆ ಕ್ಷಣಕ್ಕೆ ನಮ್ಮ ಮೂರನೆಯ ಕಾಲಂ ಜೈ–ವೀರೂವಿನ ಕಾಲಂ ಜೊತೆ ಪೂರ್ತಿ ಒಂದಾಗುತ್ತದೆ: ಅವರಂತೆ ನಮಗೂ ಠಾಕೂರ್ ಹೇಡಿಯಂತೆ ಕಾಣುತ್ತಾನೆ. ದಾಳಿ ಮುಗಿದ ಮೇಲೆ ಅವರು ಸಿಟ್ಟಿನಿಂದ ಕೇಳುವ ಪ್ರಶ್ನೆ ನಮ್ಮದೇ. ಉತ್ತರವಾಗಿ ಬರುತ್ತದೆ ಆ ಫ್ಲ್ಯಾಷ್‌ಬ್ಯಾಕ್. ರಜೆಯಲ್ಲಿ ಮನೆಗೆ ಬಂದ ಠಾಕೂರ್, ಅಂಗಳದಲ್ಲಿ ಬಿಳಿ ಬಟ್ಟೆ ಹೊದಿಸಿದ ಸಾಲು ಹೆಣಗಳು, ಮಕ್ಕಳು, ಸೊಸೆ, ಮೊಮ್ಮಗ. ತಡೆಯಲಾರದ ಕೋಪದಲ್ಲಿ ಆಯುಧವಿಲ್ಲದೆ ಗಬ್ಬರ್‌ನ ಅಡ್ಡೆಗೆ ನುಗ್ಗಿದವನನ್ನು ಎರಡು ಕಂಬಗಳ ನಡುವೆ ಕಟ್ಟುತ್ತಾರೆ. ಕತ್ತಿ ಎತ್ತಿದ್ದನ್ನು ನೋಡುತ್ತೇವೆ. ಕಥೆ ವರ್ತಮಾನಕ್ಕೆ ಮರಳುತ್ತದೆ, ಗಾಳಿ ಬೀಸುತ್ತದೆ, ಶಾಲು ಜಾರುತ್ತದೆ.

ಈ ಕುಟುಂಬದ ಕೊಲೆಯ ದೃಶ್ಯ ಲಿಯೋನೆಯ ಚಿತ್ರದ್ದೇ ನೆರಳು ಎಂಬುದು ಹೊಸ ವಿಷಯವೇನಲ್ಲ. ಊರಿನ ರಕ್ಷಣೆಗೆ ಹೊರಗಿನಿಂದ ಕಾದಾಳುಗಳನ್ನು ಕರೆಸುವ ಚೌಕಟ್ಟು ಕುರೊಸಾವಾರ ‘ಸೆವೆನ್ ಸಮುರಾಯ್’ನಿಂದ ಬಂತು. ಇಷ್ಟನ್ನು ಹೇಳಿ ಕೈತೊಳೆದುಕೊಳ್ಳುವ ವಿಮರ್ಶಕರ ಬಗ್ಗೆ ನನಗೆ ತಕರಾರಿದೆ. ಎರವಲು ತಂದದ್ದನ್ನು ಎಲ್ಲಿ ಇಟ್ಟರು ಎಂಬುದನ್ನೂ ನೋಡಬೇಕಲ್ಲ. ಲಿಯೋನೆ ಆ ಕೊಲೆಯನ್ನು ಚಿತ್ರದ ಮೊದಲ ಭಾಗದಲ್ಲೇ ತೋರಿಸುತ್ತಾನೆ, ಅದಕ್ಕೂ ನಾಯಕನ ಸೇಡಿಗೂ ನೇರ ಸಂಬಂಧವಿಲ್ಲ. ಸಲೀಂ–ಜಾವೇದ್ ಅದನ್ನು ನಡುವಿಗೆ ತಂದು, ಸೇಡಿನ ಬೇರಾಗಿಸಿ, ಆವರೆಗೆ ನಾವು ನೋಡಿದ್ದನ್ನೆಲ್ಲ ತಲೆಯೊಳಗೆ ಇನ್ನೊಮ್ಮೆ ನೋಡುವಂತೆ ಮಾಡಿದರು. ಒಂದೂವರೆ ಗಂಟೆಯ ಸಿನಿಮಾ ಹಿಂದಕ್ಕೆ ತಿರುಗಿ ಅರ್ಥ ಬದಲಿಸಿಕೊಳ್ಳುತ್ತದೆ. ನಡುವೆ ಹತ್ತು ನಿಮಿಷ ದೀಪ ಹಾಕಿ ಜನರನ್ನು ಹೊರಗೆ ಬಿಡುವ ಪದ್ಧತಿ ನಮ್ಮ ಚಿತ್ರಮಂದಿರಗಳದ್ದು. ಆ ಇಂಟರ್‌ವಲ್ ಕಾರಣದಿಂದ ನಮ್ಮ ಕಥೆಗಾರರು ಚಿತ್ರದ ಮಧ್ಯದಲ್ಲೊಂದು, ಕೊನೆಯಲ್ಲೊಂದು ಹೀಗೆ ಎರಡು ಶಿಖರ ಕಟ್ಟಲು ಕಲಿತರು. ಪಶ್ಚಿಮದ ಚಿತ್ರಕಥೆಗಳಿಗೆ ಆ ಒತ್ತಾಯವಿಲ್ಲ. ಇದನ್ನು ನಮ್ಮ ಸಿನಿಮಾದ ಕೊರತೆ ಎನ್ನುವವರಿದ್ದಾರೆ. ನನಗಂತೂ ಇದು ನಮಗೆ ದಕ್ಕಿದ ಒಂದು ವಿಶೇಷ ಶಕ್ತಿ ಎನಿಸುತ್ತದೆ.

ಶಾಲು ಜಾರಿದ ಮೇಲೆ ಚಿತ್ರದ ನಿಜವಾದ ರಚನೆ ಕಾಣುತ್ತದೆ. ಗಾಯ ಇರುವವನಿಗೆ ಕೈಯಿಲ್ಲ. ಕೈ ಇರುವ ಇಬ್ಬರಿಗೆ ಗಾಯವಿಲ್ಲ. ಅವರು ಹಣಕ್ಕೆ ಬಂದವರು. ಸಾಮಾನ್ಯ ಸೇಡಿನ ಕಥೆಯಲ್ಲಿ ಒಬ್ಬನೊಳಗೇ ಇರುವ ಎರಡು ಸಂಗತಿಗಳನ್ನು ಇಲ್ಲಿ ಬೇರೆ ಬೇರೆ ಜನರಿಗೆ ಹಂಚಿದ್ದಾರೆ. ಹಾಗಾಗಿ ಮುಂದಿನ ಅರ್ಧದ ಕೆಲಸ ಒಂದೇ: ಕೈ ಇರುವವರಿಗೂ ಗಾಯವಾಗಬೇಕು. ಅದು ನಿಧಾನವಾಗಿ ಆಗುತ್ತದೆ. ಮೊದಲು ಇಮಾಮರ ಮಗ ಅಹ್ಮದ್ ಸಾಯುತ್ತಾನೆ. ಆ ಸಾವನ್ನು ತೋರಿಸುವುದಿಲ್ಲ. ಗಬ್ಬರ್ ತನ್ನ ತೋಳಿನ ಮೇಲೆ ಹರಿಯುವ ಇರುವೆಯನ್ನು ಹೊಸಕುತ್ತಾನೆ, ಕುದುರೆಯ ಮೇಲೆ ಹೆಣ ಊರಿಗೆ ಬರುತ್ತದೆ. ಠಾಕೂರ್‌ನಂತೆ ಇಮಾಮರೂ ಮಗನನ್ನು ಕಳೆದುಕೊಂಡವರು, ಮೇಲಾಗಿ ಕಣ್ಣಿಲ್ಲದವರು. ಜೈ–ವೀರೂವನ್ನು ಗಬ್ಬರ್‌ಗೆ ಒಪ್ಪಿಸಿಬಿಡೋಣ ಎನ್ನುವ ಊರಿನವರಿಗೆ ಅವರು ಧೈರ್ಯ ಹೇಳುತ್ತಾರೆ, ಸೇಡಿನ ಮಾತೆತ್ತುವುದಿಲ್ಲ. ಅದೇ ಗಾಯಕ್ಕೆ ಇನ್ನೊಂದು ಉತ್ತರ ಇದೆಯೆಂದು ಚಿತ್ರ ನಮಗೆ ತೋರಿಸಿ ಮುಂದೆ ಹೋಗುತ್ತದೆ. ಈ ದೃಶ್ಯ ಇಲ್ಲದಿದ್ದರೂ ಕಥೆ ಸಾಗುತ್ತಿತ್ತು, ಆದರೆ ಚಿತ್ರದ ಬೆಲೆ ಕಡಿಮೆಯಾಗುತ್ತಿತ್ತು.

ನಂತರ ಜೈ. ಅವನ ನಾಣ್ಯದ ಬಗ್ಗೆ ಹೇಳದೆ ಇರಲಾರೆ. ಆ ರೈಲಿನ ಕಥೆಯಲ್ಲೇ ಗಾಯಗೊಂಡ ಠಾಕೂರ್‌ನನ್ನು ಬಿಟ್ಟು ಓಡಬೇಕೋ ಆಸ್ಪತ್ರೆಗೆ ಸೇರಿಸಬೇಕೋ ಎಂದು ನಿರ್ಧರಿಸಲು ಜೈ ನಾಣ್ಯ ಚಿಮ್ಮುತ್ತಾನೆ. ಆಮೇಲೂ ಚಿಮ್ಮುತ್ತಾನೆ. ಸೇತುವೆಯ ಬಳಿ ಯಾರು ಹಿಂದುಳಿಯಬೇಕು ಎಂಬುದಕ್ಕೂ ಚಿಮ್ಮುತ್ತಾನೆ. ಅವನು ಸತ್ತ ಮೇಲೆ ವೀರೂವಿನ ಕೈಗೆ ಸಿಗುವ ನಾಣ್ಯದ ಎರಡೂ ಬದಿ ಒಂದೇ. ಶಾಲಿನ ಗುಟ್ಟು ನಡುವೆ ಒಡೆಯಿತು, ನಾಣ್ಯದ ಗುಟ್ಟು ಕೊನೆಯ ಹತ್ತಿರ ಒಡೆಯುತ್ತದೆ. ಎರಡರ ಬೀಜವನ್ನೂ ಬಿತ್ತಿದ್ದು ಒಂದೇ ರೈಲಿನಲ್ಲಿ. ಒಂದು ಗುಟ್ಟು ಸೇಡಿನದು, ಇನ್ನೊಂದು ಸ್ನೇಹದ್ದು. ನಾಣ್ಯದ ಗುಟ್ಟು ಒಡೆದ ಕ್ಷಣದಲ್ಲಿ ವೀರೂವಿಗೆ ಗಾಯವಾಗುತ್ತದೆ, ಅಲ್ಲಿಗೆ ಕೈ ಮತ್ತು ಗಾಯ ಮೊದಲ ಬಾರಿಗೆ ಒಬ್ಬನಲ್ಲೇ ಕೂಡುತ್ತವೆ. ಅವನು ಗಬ್ಬರ್‌ನನ್ನು ಕೊಂದೇಬಿಡುತ್ತಾನೆ ಎನ್ನುವಷ್ಟರಲ್ಲಿ ಠಾಕೂರ್ ಬಂದು ತಡೆದು, ಜೀವಸಹಿತ ಒಪ್ಪಿಸುವುದಾಗಿ ಕೊಟ್ಟ ಮಾತನ್ನು ನೆನಪಿಸುತ್ತಾನೆ. ಒಬ್ಬನೇ ಅಪರಾಧಿ, ಅವನ ಮೇಲೆ ಹಕ್ಕಿರುವವರು ಇಬ್ಬರು. ಈ ಜಗಳವನ್ನು ಬರೆದವರ ಕೈಗೆ ನಾನು ಮನಸಾರೆ ನಮಸ್ಕರಿಸುತ್ತೇನೆ.

ರಾಮನಗರದ ಪಕ್ಕ ಹಾದುಹೋಗುವಾಗಲೆಲ್ಲ ಇದೆಲ್ಲ ನೆನಪಾಗುವುದು ಸಹಜ. 1973ರ ಅಕ್ಟೋಬರಿನಲ್ಲಿ ನಿರ್ದೇಶಕ ರಮೇಶ್ ಸಿಪ್ಪಿ ಇಲ್ಲಿ ‘ಶೋಲೆ’ಯ ಚಿತ್ರೀಕರಣ ಶುರುಮಾಡಿದರು. ಕಲಾನಿರ್ದೇಶಕ ರಾಮ್ ಯೆಡೇಕರ್ ಬೆಟ್ಟದ ಬುಡದಲ್ಲಿ ಇಡೀ ಹಳ್ಳಿಯನ್ನೇ ಕಟ್ಟಿದರು. ಹಿಂದಿ ಚಿತ್ರಗಳ ಡಕಾಯಿತರು ಆವರೆಗೆ ಹೆಚ್ಚಾಗಿ ಅಡಗುತ್ತಿದ್ದದ್ದು ಚಂಬಲ್ ಕಣಿವೆಯ ಕೊರಕಲುಗಳಲ್ಲಿ. ರಾಮದೇವರ ಬೆಟ್ಟದ ಬೋಳು ಬಂಡೆಗಳು ಬಂದದ್ದರಿಂದ ಕಥೆಗೂ ಉಪಕಾರವಾಯಿತು ಎನ್ನುತ್ತೇನೆ. ಬಂಡೆಯ ತುದಿಯಲ್ಲಿ ಕೂತ ಕಾವಲಿನವನಿಗೆ ಕೆಳಗಿನದ್ದೆಲ್ಲ ಕಾಣುತ್ತದೆ. ಕೆಳಗಿನ ಊರಿಗೆ ತನ್ನನ್ನು ಯಾರು ನೋಡುತ್ತಿದ್ದಾರೆ ಎಂಬುದು ತಿಳಿಯದು. ಆ ಎತ್ತರ ತಗ್ಗುಗಳೇ ಗಬ್ಬರ್‌ಗೆ ಅರ್ಧ ಬಲ.

ಗಬ್ಬರ್‌ನ ವಿಷಯಕ್ಕೆ ಬಂದರೆ, ಅವನಿಗೆ ಹಿಂದಿನ ಕಥೆಯೇ ಇಲ್ಲ. ಏಕೆ ಹೀಗಾದ ಎಂದು ಯಾರೂ ಕೇಳುವುದಿಲ್ಲ. ಸೇಡಿನ ಕಥೆಯಲ್ಲಿ ಗುರಿಯಾದವನಿಗೆ ಮನಸ್ಸು ಕೊಡಬೇಕೋ ಬೇಡವೋ ಎಂಬುದು ದೊಡ್ಡ ಆಯ್ಕೆ. ಕೊಟ್ಟರೆ ಏನಾಗುತ್ತದೆಂದು ಕನ್ನಡಿಗರಿಗೆ ಸಾವಿರ ವರ್ಷದಿಂದ ಗೊತ್ತು. ರನ್ನನ ‘ಗದಾಯುದ್ಧ’ ಶುರುವಾಗುವುದೇ ಯುದ್ಧದ ಕೊನೆಯ ಘಟ್ಟದಲ್ಲಿ. ದ್ರೌಪದಿಯ ಬಿಚ್ಚಿದ ಮುಡಿ, ಭೀಮನ ಪ್ರತಿಜ್ಞೆ, ಸಭೆಯ ಅವಮಾನ ಎಲ್ಲವೂ ಆಗಿಹೋದ ಮಾತು. ಆಗಿಹೋದದ್ದನ್ನು ರನ್ನ ಸಿಂಹಾವಲೋಕನ ಕ್ರಮದಲ್ಲಿ, ಸಿಂಹ ನಡೆಯುತ್ತ ನಡೆಯುತ್ತ ಹಿಂದಿರುಗಿ ನೋಡುವಂತೆ, ಬೇಕಾದಲ್ಲಿ ಬೇಕಾದಷ್ಟೇ ತರುತ್ತಾನೆ. ಇಂದಿನ ಚಿತ್ರಕಥೆಗಾರ ಫ್ಲ್ಯಾಷ್‌ಬ್ಯಾಕ್ ಬಳಸುವಾಗ ಕಲಿಯಬೇಕಾದ ಮಿತಿ ಅದು. ಇನ್ನೂ ದೊಡ್ಡ ಸಾಹಸವೆಂದರೆ, ಸೇಡು ತೀರಿಸುವ ಭೀಮ ಕಾವ್ಯದ ನಾಯಕನಾದರೂ, ತನ್ನ ದೊರೆ ಸತ್ಯಾಶ್ರಯನನ್ನು ಅದೇ ಭೀಮನಿಗೆ ಹೋಲಿಸಿ ಹೊರಟರೂ, ರನ್ನ ನಮ್ಮನ್ನು ನಡೆಸುವುದು ದುರ್ಯೋಧನನ ಜೊತೆ. ಸಂಜಯನೊಡನೆ ರಣರಂಗ ದಾಟುವ ಆ ಅರಸ ದ್ರೋಣನ ಹೆಣ, ಮಗನ ಹೆಣ, ತಮ್ಮನ ಹೆಣ, ಕರ್ಣನ ಹೆಣ ನೋಡುತ್ತ ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಅವನ ಶೌರ್ಯವನ್ನು ಹೊಗಳುತ್ತಾನೆ. ಇಷ್ಟಾದ ಮೇಲೆ ಭೀಮನ ಗದೆ ಅವನ ತೊಡೆಗೆ ಬಿದ್ದರೆ ನಾವು ಚಪ್ಪಾಳೆ ತಟ್ಟಬಲ್ಲೆವೇ? ಸೇಡು ನ್ಯಾಯವಾದದ್ದೆಂದು ಗೊತ್ತಿದ್ದೂ ಎದೆ ಭಾರವಾಗುತ್ತದೆ. ಗಾಯವನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ರನ್ನ ಕೊಟ್ಟ ಉತ್ತರ, ಎರಡೂ ಕಡೆ ಇಡು ಎಂದು.

ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಒಡೆಯನ ಮಗನ ತಪ್ಪನ್ನು ಮೈಮೇಲೆ ಹಾಕಿಕೊಂಡು ಜೈಲಿಗೆ ಹೋಗುವ ಡ್ರೈವರ್ ಮನು, ಹೊರಗೆ ಕಾಯುವ ಪ್ರಿಯಾ. ಸೆಪ್ಟೆಂಬರಿನಲ್ಲಿ ಬಂದ ಸೈಡ್ ಎ ಪೂರ್ತಿ ಆ ಗಾಯವೇ. ನವೆಂಬರಿನಲ್ಲಿ ಸೈಡ್ ಬಿ ಬರುವವರೆಗೆ ನೋಡುಗರೂ ಅದನ್ನು ಹೊತ್ತು ತಿರುಗಿದರು. ಬಿಡುಗಡೆಯಾದ ಮನು ಮೊದಲು ಹುಡುಕುವುದು ಶತ್ರುವನ್ನಲ್ಲ, ಪ್ರಿಯಾಳನ್ನು. ಎರಡನೆಯ ಭಾಗ ನಿಧಾನವೆಂದು ದೂರಿದವರು ಹಲವರು. ಒಂದಿಡೀ ಸಿನಿಮಾ ಪ್ರೀತಿಗೆ ಬಿದ್ದ ಪೆಟ್ಟನ್ನು ತೋರಿಸಿದ ಮೇಲೆ, ಹೊಡೆದಾಟದಿಂದ ಅದು ವಾಸಿಯಾಗುತ್ತದೆ ಎಂದು ನಂಬಿಸಲು ಹೊರಡದೆ ಇದ್ದದ್ದು ಆ ಚಿತ್ರದ ಪ್ರಾಮಾಣಿಕತೆ.

ತೀರಿದ ಸೇಡು ಏನನ್ನು ಉಳಿಸಿಹೋಗುತ್ತದೆ ಎಂಬುದನ್ನೂ ನಾನು ಪುಟದ ಕೊನೆಯಲ್ಲಿ ಬರೆದುಕೊಳ್ಳುತ್ತೇನೆ. ‘ಕಿಲ್ ಬಿಲ್’ನಲ್ಲಿ ತಾಯಿಯ ಕೊಲೆಯನ್ನು ಕಂಡ ಪುಟ್ಟ ಹುಡುಗಿಗೆ, ದೊಡ್ಡವಳಾದ ಮೇಲೂ ಈ ನೋವು ಹಾಗೆಯೇ ಇದ್ದರೆ ಬಾ, ಕಾಯುತ್ತಿರುತ್ತೇನೆ ಎಂಬರ್ಥದ ಮಾತನ್ನು ಕೊಂದವಳೇ ಹೇಳುತ್ತಾಳೆ. ‘ಶೋಲೆ’ಯಲ್ಲಿ ಹಾಗೆ ಉಳಿಯುವವಳು ಠಾಕೂರ್‌ನ ಇನ್ನೊಬ್ಬ ಸೊಸೆ ರಾಧಾ. ಮನೆಯವರೆಲ್ಲ ಸತ್ತ ದಿನ ದೇವಸ್ಥಾನಕ್ಕೆ ಹೋಗಿದ್ದರಿಂದ ಬದುಕಿದವಳು, ತನ್ನನ್ನು ಪ್ರೀತಿಸಿದ ಜೈ ಸತ್ತಾಗ ಎರಡನೆಯ ಸಲ ಎಲ್ಲವನ್ನೂ ಕಳೆದುಕೊಳ್ಳುವವಳು. ಅವಳ ಗಾಯಕ್ಕೆ ಯಾರ ಲೆಕ್ಕದಲ್ಲೂ ಜಾಗವಿಲ್ಲ. ಚಿತ್ರ ಅವಳಿಗೆ ಇನ್ನೊಂದಿಷ್ಟು ಹೊತ್ತು ಕೊಡಬೇಕಿತ್ತು.

ಇನ್ನು ಕೊನೆಯ ವಿಷಯ. ಐವತ್ತು ವರ್ಷ ನಾವು ನೋಡಿದ ‘ಶೋಲೆ’ಯ ಅಂತ್ಯದಲ್ಲಿ, ಠಾಕೂರ್ ಗಬ್ಬರ್‌ನನ್ನು ಕಾಲಿನಿಂದ ತುಳಿದು ಕೊಲ್ಲುವಷ್ಟರಲ್ಲಿ ಪೊಲೀಸರು ಬಂದು ತಡೆಯುತ್ತಾರೆ. ಬರೆದದ್ದು ಹಾಗಲ್ಲ. ರಾಮಲಾಲ್ ಮೊಳೆ ಬಡಿದು ಸಿದ್ಧಮಾಡಿದ ಬೂಟುಗಳನ್ನು ಹಾಕಿಕೊಂಡು ಬಂದ ಠಾಕೂರ್ ಗಬ್ಬರ್‌ನನ್ನು ಕೊಲ್ಲುತ್ತಾನೆ, ಕೊಂದ ಮೇಲೆ ಕುಸಿದು ಅಳುತ್ತಾನೆ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದಿತ್ತು. ಪೊಲೀಸ್ ಅಧಿಕಾರಿಯಾಗಿದ್ದವನು ಕಾನೂನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ, ಸಿಪ್ಪಿ ಕೊನೆಯನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವನಗೊಳಿಸಿದ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯದಲ್ಲಿ ಮೂಲ ಅಂತ್ಯದೊಂದಿಗೆ ಪ್ರದರ್ಶನಗೊಂಡಿತು.

ಪೊಲೀಸರ ಆಗಮನದಿಂದ ಕಾನೂನಿನ ಮಾನ ಉಳಿದಿರಬಹುದು, ರಚನೆ ಮುರಿಯಿತು. ಕೈ ಕಳೆದುಕೊಂಡವನು ಕಾಲಿನಿಂದ ತೀರಿಸಿಕೊಳ್ಳುವ ಆ ಒಂದು ಕ್ಷಣಕ್ಕಾಗಿಯೇ ಶಾಲನ್ನು ಅಷ್ಟು ಜೋಪಾನವಾಗಿ ಹೊದಿಸಿದ್ದು. ಅದಕ್ಕಿಂತ ಹೆಚ್ಚಾಗಿ ನಾವು ಕಳೆದುಕೊಂಡದ್ದು ಆ ಅಳುವನ್ನು. ಎಲ್ಲ ಮುಗಿದ ಮೇಲೂ ಠಾಕೂರ್‌ಗೆ ಕೈ ಮರಳುವುದಿಲ್ಲ, ಮೊಮ್ಮಗ ಮರಳುವುದಿಲ್ಲ ಎಂಬುದನ್ನು ಹೇಳುವ ದೃಶ್ಯ ಅದೊಂದೇ. ಸೇಡನ್ನು ವೈಭವೀಕರಿಸುತ್ತದೆ ಎಂದು ಹೆದರಿ ಕತ್ತರಿಸಿದ ಅಂತ್ಯವೇ ಸೇಡಿನ ಪೊಳ್ಳುತನವನ್ನು ತೋರಿಸುವಂಥದ್ದಾಗಿತ್ತು. ‘ಶೋಲೆ’ಯನ್ನು ಎಷ್ಟೋ ಸಲ ನೋಡಿದ್ದೇವೆ ಎನ್ನುವವರು ಕೂಡ ಆ ಅಂತ್ಯವಿರುವ ಪ್ರತಿಯನ್ನು ಒಮ್ಮೆ ನೋಡಿ. ಸಲೀಂ–ಜಾವೇದ್ ಬರೆದ ಚಿತ್ರ ಅದೇ.